ಬಯಲು ಪೆಟ್ಟಿಗೆ

ನಮ್ಮೂರಿಗೆ ಅಂಕಿಗಾಳಿ ಬೀಸಿತು ಅನ್ನುವುದು ಮೊದಲು ಗೊತ್ತಾಗುವುದು ಬಸ್ ಸ್ಟ್ಯಾಂಡಿನ ಗಡಿಯಾರದಿಂದ. ಮುಳ್ಳುಗಳು ತಮ್ಮ ಪಾಡಿಗೆ ತಾವು ತಿರುಗುತ್ತಿರುತ್ತವೆ, ಮುಖ ಮಾತ್ರ ಬೋಳು. ಆಮೇಲೆ ಬೇಕರಿಯ ಗಾಜಿನ ಮೇಲಿನ ಬೆಲೆ, ಗೋಡೆಯ ಕ್ಯಾಲೆಂಡರು, ತಕ್ಕಡಿಯ ತೂಕದ ಬಟ್ಟು, ಮೈದಾನದಲ್ಲಿ ಆಡುವ ಹುಡುಗರ ಅಂಗಿಯ ಬೆನ್ನು, ಎಲ್ಲೆಲ್ಲಿ ಅಂಕಿಯಿದೆಯೋ ಅಲ್ಲೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ ಖಾಲಿ. ಅಕ್ಷರಕ್ಕೆ ಮಾತ್ರ ಆ ಗಾಳಿ ಕೈ ಹಚ್ಚುವುದಿಲ್ಲ. ವರ್ಷಕ್ಕೆ ನಾಲ್ಕೈದು ಸಲ ಬೀಸುತ್ತದೆ, ಇಂಥದೇ ದಿನ ಅಂತಿಲ್ಲ. ಹೊರಗಿನಿಂದ ಬಂದವರು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ನಮಗೆ ಅದು ನೆಗಡಿ ಇದ್ದ ಹಾಗೆ, ಬರುತ್ತದೆ ಹೋಗುತ್ತದೆ. ನಮ್ಮ ಬಸ್ಸುಗಳಿಗೆ ನಂಬರಿಲ್ಲ, ಚಿತ್ರ ಇದೆ. ಆನೆ ಬಸ್ಸು ಸಂತೆಪೇಟೆಗೆ, ಗಿಳಿ ಬಸ್ಸು ಜಿಲ್ಲಾ ಕೇಂದ್ರಕ್ಕೆ. ಮನೆಯ ಬಾಗಿಲ ಮೇಲೆ 'ಹನ್ನೆರಡನೆಯ ಮನೆ' ಅಂತ ಅಕ್ಷರದಲ್ಲೇ ಬರೆಸುತ್ತೇವೆ. ನೋಟನ್ನು ಬಣ್ಣ ನೋಡಿ ಎಣಿಸುತ್ತೇವೆ. ಹುಡುಗಿಯ ವಯಸ್ಸು ಕೇಳಿದರೆ, ಹಳೇ ಸೇತುವೆ ಕುಸಿದ ವರ್ಷ ಹುಟ್ಟಿದವಳು ಅನ್ನುತ್ತೇವೆ, ಗಂಡಿನ ಕಡೆಯವರು ಒಪ್ಪಿಕೊಂಡು ತಲೆಯಾಡಿಸುತ್ತಾರೆ.

ಪೇಚಾಟವೆಲ್ಲ ಅಂಗಡಿಯವರದು. ನಾನು ಗುರುಪಾದ, ಪೇಟೆ ಬೀದಿಯ ತಿರುವಿನಲ್ಲಿ ದಿನಸಿ ಅಂಗಡಿ ಇಟ್ಟವನು. ನಮ್ಮಪ್ಪ ತಕ್ಕಡಿ ರಿಪೇರಿ ಮಾಡುತ್ತಿದ್ದರು. ಗಾಳಿ ಬೀಸಿ ನಿಂತ ಮೇಲೆ ಅಂಗಡಿ ಅಂಗಡಿಗೆ ಹೋಗಿ ಬಟ್ಟುಗಳ ಮೇಲೆ ಉಳಿ ಹಿಡಿದು ಮತ್ತೆ ಅಂಕಿ ಕೊರೆಯುವುದು ಅವರ ಕೆಲಸ. ನಮ್ಮಕ್ಕ ನೀಲಾಂಬಿಕೆ ಲಂಗ ಎತ್ತಿ ಕಟ್ಟಿಕೊಂಡು ಅಪ್ಪನ ಹಿಂದೆ ಹೋಗುತ್ತಿದ್ದಳು. ನಾನು ಬಿಸಿಲಿಗೆ ಹೆದರಿ ಅಮ್ಮನ ಹತ್ತಿರ ಉಳಿಯುತ್ತಿದ್ದೆ. ಮುಂದೆ ಅಕ್ಕ ಜಿಲ್ಲಾ ಕೇಂದ್ರದ ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಓದಿದಳು, ಅಲ್ಲೇ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಮಾಡಿದಳು, ಗಿಳಿ ಬಸ್ಸಿನ ಡ್ರೈವರನ್ನೇ ಮೆಚ್ಚಿ ಮದುವೆಯಾಗಿ ಅದೇ ಬಸ್ಸಿನಲ್ಲಿ ಊರಿಗೆ ವಾಪಸ್ಸು ಬಂದಳು. ಅವಳ ನಡಿಗೆ ನೋಡಬೇಕು ನೀವು. ಬೀದಿಯೇ ಅವಳಿಗೆ ದಾರಿ ಬಿಡಬೇಕು ಅನ್ನುವ ಹಾಗೆ ನಡೆಯುತ್ತಾಳೆ. ಊರವರಿಗೆಲ್ಲ ಅವಳು ನೀಲಕ್ಕ.

ಅಷ್ಟು ಹೊತ್ತಿಗೆ ಪೇಟೆಗೆ ಕಂಪನಿ ಪೆಟ್ಟಿಗೆ ಬಂದಿತ್ತು. ಅಚಲ ಅಂತ ಕಂಪನಿಯ ಹೆಸರು. ಪೆಟ್ಟಿಗೆ ಅಂದರೆ ಬಿಲ್ಲು ಹಾಕುವ ಕಂಪ್ಯೂಟರೇ. ಅದನ್ನು ಒಳಗಿಂದ ನಡೆಸುವ ಒಂದು ವ್ಯವಸ್ಥೆ ಇರುತ್ತದಲ್ಲ, ಆಪರೇಟಿಂಗ್ ಸಿಸ್ಟಂ, ಅದು ಕಂಪನಿಯ ಸ್ವಂತದ್ದು. ಯಾರೂ ಒಳಗೆ ಇಣುಕುವ ಹಾಗಿಲ್ಲ, ಒಂದಕ್ಷರ ತಿದ್ದುವ ಹಾಗಿಲ್ಲ. ಜನ ಅದಕ್ಕೆ ಬೀಗದ ಪೆಟ್ಟಿಗೆ ಅಂತ ಹೆಸರಿಟ್ಟರು. ಗಾಳಿ ಬೀಸಿದರೆ ಅದರ ಪರದೆಯ ಮೇಲೂ ಸಾಮಾನಿನ ಹೆಸರು ಉಳಿದು ಬೆಲೆಯೆಲ್ಲ ಮಾಯ. ಆದರೆ ಪೆಟ್ಟಿಗೆಯ ಬೆನ್ನಿಗೆ ಒಂದು ಕೆಂಪು ಗುಂಡಿ ಇತ್ತು. ಒತ್ತಿದರೆ ಸಾಕು, ಮರುದಿನ ಬೆಳಿಗ್ಗೆ ಬೂದು ಬಣ್ಣದ ವ್ಯಾನಿನಲ್ಲಿ ವಲೇರಿಯನ್ ಬರುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ, ಎದೆಯ ಮೇಲೆ ಕಂಪನಿಯ ಮುದ್ರೆ, ಕೈಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಕೀಲಿ. ಅದನ್ನು ಪೆಟ್ಟಿಗೆಗೆ ಸಿಕ್ಕಿಸಿದರೆ ಬೆಲೆಗಳು ತಿರುಗಿ ಬರುತ್ತಿದ್ದವು. ನಾವು ಅವನಿಗೆ ಚಹಾ ಕುಡಿಸುತ್ತಿದ್ದೆವು, ತಡವಾದರೆ ಬಯ್ಯುತ್ತಿದ್ದೆವು. ಒಳ್ಳೆ ಮನುಷ್ಯ, ಎರಡನ್ನೂ ನಗುತ್ತಲೇ ತಗೊಳ್ಳುತ್ತಿದ್ದ.

ನೀಲಕ್ಕನಿಗೆ ಈ ಕೀಲಿಯ ವ್ಯವಹಾರ ಹಿಡಿಸಲಿಲ್ಲ. ಲೋಕದಲ್ಲಿ ಇನ್ನೊಂದು ಬಗೆಯ ವ್ಯವಸ್ಥೆಯೂ ಇದೆಯಂತೆ. ಯಾವ ಕಂಪನಿಯದೂ ಅಲ್ಲ, ದೇಶದೇಶದ ಜನ ಸೇರಿ ಕಟ್ಟಿದ್ದು, ಬೇಕಾದವರು ತಗೊಳ್ಳಬಹುದು, ಬಿಚ್ಚಿ ನೋಡಬಹುದು, ತಮಗೆ ಬೇಕಾದ ಹಾಗೆ ತಿದ್ದಿಕೊಳ್ಳಬಹುದು. ಅಕ್ಕ ಅದನ್ನು ತಂದು, ಅದರ ಹೊಟ್ಟೆ ಬಗೆದು, ನಮ್ಮೂರಿಗೆ ಹೊಂದುವ ಹಾಗೆ ಮಾಡಿದಳು. ಅವಳು ಮಾಡಿದ ತಿದ್ದುಪಡಿ ಇಷ್ಟೇ. ಪೆಟ್ಟಿಗೆ ಬೆಲೆಯನ್ನು ಅಂಕಿಯಲ್ಲಿ ಇಟ್ಟುಕೊಳ್ಳುವುದಿಲ್ಲ, ಅಕ್ಷರದಲ್ಲಿ ಇಟ್ಟುಕೊಳ್ಳುತ್ತದೆ. 'ನಲವತ್ತೆಂಟು ರೂಪಾಯಿ' ಅಂತ ಬರೆದುಕೊಂಡು, ಅದನ್ನೇ ಓದಿ, ಕೂಡಿಸಿ ಕಳೆದು, ಬಿಲ್ಲನ್ನೂ ಅಕ್ಷರದಲ್ಲೇ ಅಚ್ಚು ಹಾಕುತ್ತದೆ. ಗಾಳಿ ಬಂದು ತಲೆ ಕೆಡಿಸಿಕೊಂಡು ಹೋಗಲಿ, ಏನೂ ಸಿಕ್ಕುವುದಿಲ್ಲ. ಅದನ್ನು ಅವಳು ಬಯಲು ಪೆಟ್ಟಿಗೆ ಅಂತ ಕರೆದಳು.

ವರ್ತಕರ ಸಂಘದ ಹಾಲಿನಲ್ಲಿ ಅವಳು ಅದನ್ನು ತೋರಿಸಿದ ದಿನ ನಾನೂ ಇದ್ದೆ. ಅಂಗಡಿ ಇಟ್ಟವರೆಲ್ಲ ಇದ್ದರು. ಸಂಘದ ಅಧ್ಯಕ್ಷರು ಮೃತ್ಯುಂಜಯಪ್ಪ, ಸ್ಟೀಲ್ ಪಾತ್ರೆಗಳ ದೊಡ್ಡ ಶೋರೂಮಿನವರು. ಪಕ್ಕದಲ್ಲಿ ಜವಳಿ ಅಂಗಡಿಯ ಖಲಂದರ್ ಸಾಹೇಬರು. ಅಕ್ಕ ಪೆಟ್ಟಿಗೆ ನಡೆಸಿ ತೋರಿಸಿದಳು. ಎಲ್ಲರೂ ತಲೆದೂಗಿದರು. ಇದಕ್ಕೆ ದುಡ್ಡಿಲ್ಲ ಅಂದಳು. ಆಗ ಎಲ್ಲರ ಮುಖವೂ ಸಣ್ಣಗಾಯಿತು.

"ಬಿಟ್ಟಿನಾ?" ಅಂದರು ಖಲಂದರ್ ಸಾಹೇಬರು. "ಅಲ್ಲಮ್ಮ, ಬಿಟ್ಟಿ ಕೊಟ್ಟಿದ್ದು ಕೆಟ್ಟರೆ ನಾನು ಯಾರ ಮೇಲೆ ಕೂಗಾಡ್ಲಿ?"

"ನೀವೇ ಬಿಚ್ಚಿ ನೋಡಬಹುದು ಸಾಹೇಬರೇ. ಎಲ್ಲ ತೆರೆದೇ ಇದೆ."

"ನಾನು ಸೀರೆ ಬಿಚ್ಚಿ ತೋರಿಸೋನು ತಾಯಿ. ಪೆಟ್ಟಿಗೆ ಬಿಚ್ಚಿ ಏನು ಮಾಡ್ಲಿ?"

ಹಾಲಿನಲ್ಲಿ ನಗು ಎದ್ದಿತು. ಮೃತ್ಯುಂಜಯಪ್ಪ ಗಂಟಲು ಸರಿಮಾಡಿಕೊಂಡರು. "ನೋಡಿ, ಅಚಲದ ಬೋರ್ಡು ಬಾಗಿಲಲ್ಲಿ ಕಂಡ್ರೆ ಗಿರಾಕಿಗೆ ಒಂದು ನಂಬಿಕೆ. ನಮ್ಮ ಗಲ್ಲಾದ ಹುಡುಗೀರು ಅದರಲ್ಲೇ ಕಲಿತಿದ್ದಾರೆ. ಸ್ಕ್ಯಾನರು, ಪ್ರಿಂಟರು ಎಲ್ಲ ಅದರ ಮಾತನ್ನೇ ಕೇಳ್ತವೆ, ನಿಮ್ಮದರ ಮಾತು ಕೇಳ್ತವಾ?"

"ಕೆಲವು ಕೇಳ್ತವೆ, ಕೆಲವಕ್ಕೆ ಇನ್ನೂ ಕಲಿಸಬೇಕು," ಅಂದಳು ಅಕ್ಕ. ಸುಳ್ಳು ಹೇಳುವುದು ಅವಳಿಗೆ ಬರುವುದಿಲ್ಲ.

"ಮತ್ತೆ ಇದು ಯಾರದು ಅಂದಿರಿ?"

"ಎಲ್ಲರದು."

"ಎಲ್ಲರದು ಅಂದ್ರೆ ಯಾರದೂ ಅಲ್ಲ ಅಂತ," ಅಂದರು ಮೃತ್ಯುಂಜಯಪ್ಪ. "ನಮ್ಮೂರ ಕೆರೆ ಎಲ್ಲರದು. ಹೂಳು ತೆಗೆದೋರು ಯಾರು ಹೇಳಿ."

ನಾನೂ ಎದ್ದು ನಿಂತೆ. ಒಡಹುಟ್ಟಿದವಳು ಅಂತ ಸುಮ್ಮನೆ ಕೂರುವುದಕ್ಕೆ ಆಗಲಿಲ್ಲ, ಅಂಗಡಿ ನನ್ನ ಅನ್ನ. "ಅಕ್ಕಾ, ನೀನು ಊರಲ್ಲಿಲ್ಲದ ದಿನ ಇದು ನಿಂತು ಹೋದರೆ ಯಾರು ಬರ್ತಾರೆ?" ಅಂದೆ. ಅವಳು ನನ್ನ ಮುಖ ನೋಡಿದಳು. ಅಧ್ಯಕ್ಷರು ಕೈ ಎತ್ತಿ ಅಂದಾಗ ಎಲ್ಲ ಕೈಗಳೂ ಅಚಲದ ಕಡೆಗೇ ಎದ್ದವು, ನನ್ನದೂ. ಅದು ತಪ್ಪು ಅಂತ ನಾನು ಈಗಲೂ ಅನ್ನುವುದಿಲ್ಲ. ಅಂಗಡಿ ನಡೆಸಿದವರಿಗೆ ಗೊತ್ತು, ಗಿರಾಕಿ ಮುಂದೆ ನಿಂತಿರುವಾಗ ಯಂತ್ರ ಮುಷ್ಕರ ಹೂಡಿದರೆ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಅಂತ. ಆಗ ಬೇಕಾಗುವುದು ಸ್ವಾತಂತ್ರ್ಯ ಅಲ್ಲ, ಕರೆದರೆ ಓಗೊಡುವ ಒಬ್ಬ ಮನುಷ್ಯ.

ಅಕ್ಕ ಅಲ್ಲಿಂದ ನೇರ ನಮ್ಮ ಮನೆಗೇ ಊಟಕ್ಕೆ ಬಂದಳು. ನನ್ನ ಹೆಂಡತಿ ಶಾಂಭವಿ ಮುದ್ದೆ, ಹುರುಳಿ ಸಾರು ಬಡಿಸುತ್ತಿದ್ದಳು. ನಾನು ತಲೆ ಎತ್ತದೆ ಉಣ್ಣುತ್ತಿದ್ದೆ.

"ಗುರು, ನೀನು ಕೈ ಎತ್ತಿದ್ದು ನೋಡಿದೆ," ಅಂದಳು ಅಕ್ಕ.

"ಅಕ್ಕಾ, ಅದು..."

"ಸುಮ್ನೆ ಉಣ್ಣೋ. ಸರಿಯಾಗೇ ಎತ್ತಿದೀಯ. ನಾನು ಪೆಟ್ಟಿಗೆ ಹೊತ್ಕೊಂಡು ಬಂದೆ. ನೀವು ಕೊಳ್ತಿರೋದು ಪೆಟ್ಟಿಗೆ ಅಲ್ಲವೇ ಅಲ್ಲ, ವಲೇರಿಯನ್ನ. ಗುಂಡಿ ಒತ್ತಿದ್ರೆ ಅವನು ಬರ್ತಾನೆ. ನನ್ನ ಪೆಟ್ಟಿಗೆಗೆ ಬರೋರು ಯಾರಿದಾರೆ? ನಾನೊಬ್ಬಳು. ನನಗೂ ಜ್ವರ ಬರುತ್ತೆ, ನೆಂಟರ ಮನೆಗೆ ಹೋಗಬೇಕಾಗುತ್ತೆ."

ಶಾಂಭವಿ ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟು, "ಹಾಗಾದ್ರೆ ಪೆಟ್ಟಿಗೆ ಬಿಟ್ಟು ಮೊದಲು ಜನರನ್ನ ಮಾಡ್ಕೊಳ್ಳಿ ಅತ್ತಿಗೆ," ಅಂದಳು. ಅಕ್ಕ ಕೈಯಲ್ಲಿದ್ದ ತುತ್ತು ಹಾಗೇ ಹಿಡಿದುಕೊಂಡು ಅವಳನ್ನು ನೋಡಿದಳು. ಆಮೇಲೆ ಊಟ ಮುಗಿಯುವ ತನಕ ಇಬ್ಬರೂ ಒಂದು ಮಾತೂ ಆಡಲಿಲ್ಲ. ನಮ್ಮ ಮನೆಯಲ್ಲಿ ಹೆಂಗಸರು ಸುಮ್ಮನಾದರು ಅಂದರೆ ಏನೋ ಶುರುವಾಯಿತು ಅಂತಲೇ ಅರ್ಥ.

ಅಲ್ಲಿಂದ ಮುಂದೆ ಭಾನುವಾರ ಮಧ್ಯಾಹ್ನವಾದರೆ ಅಕ್ಕನ ಮನೆಯ ಹಿತ್ತಿಲ ಚಪ್ಪರದಲ್ಲಿ ಹೆಂಗಸರು ಸೇರುತ್ತಿದ್ದರು. ಖಲಂದರ್ ಸಾಹೇಬರ ಸೊಸೆ ಶಬಾನಾ, ಬೇಕರಿಯವರ ತಂಗಿ, ಬಳೆ ಅಂಗಡಿಯಾಕೆ, ಹೀಗೆ ಪೇಟೆಯ ಓಣಿಗೊಬ್ಬರು. ಶಾಂಭವಿಯೂ ಹೋಗುತ್ತಿದ್ದಳು. ಹಪ್ಪಳ ಒತ್ತುವುದಕ್ಕೆ ಅಂದಿದ್ದಳು, ನಾನು ನಂಬಿದ್ದೆ, ಯಾಕೆಂದರೆ ಹಪ್ಪಳವೂ ಬರುತ್ತಿತ್ತು. ನಡುವೆ ಒಮ್ಮೆ ಅಕ್ಕ ಅಂಗಡಿಗೆ ಬಂದು, ಗೋದಾಮಿನಲ್ಲಿ ಗುಜರಿಗೆ ಅಂತ ಎತ್ತಿಟ್ಟಿದ್ದ ಹಳೇ ಪ್ರಿಂಟರು, ಸ್ಕ್ಯಾನರು ಕೇಳಿದಳು. ತಗೊಂಡು ಹೋಗು ಅಂದೆ. ಖಲಂದರ್ ಸಾಹೇಬರ ಹತ್ತಿರವೂ ಕೇಳಿದಳಂತೆ, ಬೇಕರಿಯಲ್ಲೂ ಕೇಳಿದಳಂತೆ. ಕಂಪನಿಯ ಮಾತು ಬಿಟ್ಟು ಬೇರೆ ಮಾತು ಕೇಳದ ಆ ಹಟಮಾರಿ ಸಾಮಾನುಗಳನ್ನೆಲ್ಲ ಚಪ್ಪರದ ಕೆಳಗೆ ಸಾಲಾಗಿ ಕೂರಿಸಿಕೊಂಡು, ಅವಕ್ಕೆ ಬಯಲು ಪೆಟ್ಟಿಗೆಯ ಮಾತು ಕಲಿಸುತ್ತಿದ್ದರು. ನಮಗೆ ಅದೊಂದೂ ಗೊತ್ತಿರಲಿಲ್ಲ.

ಮದುವೆ ಸುಗ್ಗಿ ಬಂತು. ಸುತ್ತಲ ಹಳ್ಳಿಗಳವರು ಮದುವೆ ಜವಳಿಗೆ ನಮ್ಮೂರಿಗೇ ಬರಬೇಕು, ಅದು ಹಿಂದಿನಿಂದ ನಡೆದು ಬಂದದ್ದು. ಪೇಟೆ ಬೀದಿಯಲ್ಲಿ ಕಾಲಿಡಲು ಜಾಗವಿಲ್ಲದ ಒಂದು ದಿನ ಬೆಳಿಗ್ಗೆ ಗಾಳಿ ಬೀಸಿತು. ಗಡಿಯಾರ ಬೋಳಾಯಿತು, ಪೆಟ್ಟಿಗೆಗಳ ಪರದೆ ಬರಿದಾಯಿತು. ನಾವೇನೂ ಹೆದರಲಿಲ್ಲ. ಗುಂಡಿ ಒತ್ತಿದೆವು. ಮರುದಿನ ಹೊತ್ತಿಗೆ ಸರಿಯಾಗಿ ವಲೇರಿಯನ್ ಬಂದ. ಖಲಂದರ್ ಸಾಹೇಬರ ಅಂಗಡಿಯಲ್ಲಿ ಕೀಲಿ ಸಿಕ್ಕಿಸಿದ. ಪರದೆಯ ಮೇಲೆ ಬೆಲೆ ಬರಲಿಲ್ಲ, ಒಂದು ಸಾಲು ಬರಹ ಬಂತು: ಈ ಮಾದರಿಗೆ ಸೇವೆ ನಿಲ್ಲಿಸಲಾಗಿದೆ.

ಅವನು ಕೀಲಿ ತೆಗೆದು ಅಂಗಿಗೆ ಒರೆಸಿ ಮತ್ತೆ ಸಿಕ್ಕಿಸಿದ. ಅದೇ ಸಾಲು. ನನ್ನ ಅಂಗಡಿಗೆ ಬಂದ, ಮೃತ್ಯುಂಜಯಪ್ಪನವರ ಶೋರೂಮಿಗೆ ಹೋದ, ಎಲ್ಲೆಡೆ ಅದೇ. ಬೀದಿಯ ಮಧ್ಯೆ ನಿಂತು ಕಂಪನಿಯ ಆಫೀಸಿಗೆ ಫೋನು ಮಾಡಿದ. ನಾವೆಲ್ಲ ಸುತ್ತ ನಿಂತು ಅವನ ಮುಖವನ್ನೇ ನೋಡುತ್ತಿದ್ದೆವು. ಹಳೇ ಪೆಟ್ಟಿಗೆಗಳನ್ನೆಲ್ಲ ಕೈಬಿಡುವುದು ಅಂತ ಅಲ್ಲಿ ಯಾರೋ ತೀರ್ಮಾನ ಮಾಡಿಬಿಟ್ಟಿದ್ದರು. ಹೊಸ ಪೆಟ್ಟಿಗೆ ಕೊಳ್ಳಬೇಕಂತೆ, ಅವು ಬರುವುದು ಮುಂದಿನ ತಿಂಗಳಂತೆ. "ನನಗೂ ಈಗಲೇ ಗೊತ್ತಾಗಿದ್ದು, ಆಣೆ," ಅಂದ ವಲೇರಿಯನ್.

ಬಾಯಲ್ಲಿ ಬೆಲೆ ಹೇಳಿ ಮಾರಬಹುದಲ್ಲ ಅನ್ನುತ್ತೀರಿ. ಕೊತ್ತಂಬರಿ ಸೊಪ್ಪು ಮಾರಬಹುದು. ಅಚ್ಚಾದ ಬಿಲ್ಲಿಲ್ಲದ ಜವಳಿ ಗಂಟು ಊರ ಹೊರಗಿನ ಚೆಕ್‌ಪೋಸ್ಟು ದಾಟುವ ಹಾಗಿಲ್ಲ. ತಿಪ್ಪಕ್ಕ ಅಂತ ಒಬ್ಬ ಹೆಂಗಸು, ದೂರದ ಹಳ್ಳಿಯಾಕೆ, ಮಗಳ ಧಾರೆ ಸೀರೆ ಆರಿಸಿ ಮಡಿಲಲ್ಲಿ ಇಟ್ಟುಕೊಂಡು ಖಲಂದರ್ ಸಾಹೇಬರ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು. "ನಾಡಿದ್ದು ಧಾರೆ. ಇನ್ನೊಂದೂರಿಗೆ ಹೋಗೋಕೆ ಹೊತ್ತಿಲ್ಲ. ಸೀರೆ ಕೊಡಿ, ಇಲ್ಲ ನಾನು ಇಲ್ಲಿಂದ ಏಳಲ್ಲ." ಅವಳ ಹಿಂದೆ ಅವಳಂಥವರು ಇನ್ನೆಷ್ಟೋ ಜನ. ಮದುವೆ ಅಂದರೆ ನಮ್ಮೂರು ಅನ್ನುವ ಹೆಸರು ಆ ಮೆಟ್ಟಿಲ ಮೇಲೇ ಮಣ್ಣು ಪಾಲಾಗುವ ಹಾಗಿತ್ತು. ಜನರ ಗಲಾಟೆ ಏರಿತು. ಯಾರೋ ವಲೇರಿಯನ್ನನ ಕಾಲರಿಗೆ ಕೈ ಹಾಕಿದರು.

"ಅವನ ಕಾಲರ್ ಬಿಡ್ರಿ."

ನೀಲಕ್ಕ ಬರುತ್ತಿದ್ದಳು. ಅದೇ ನಡಿಗೆ. ಜನ ತಾವಾಗಿ ದಾರಿ ಬಿಟ್ಟರು. ಅವಳು ಬಂದು ವಲೇರಿಯನ್ನನ ಪಕ್ಕದಲ್ಲಿ ನಿಂತಳು. "ಇಷ್ಟು ವರ್ಷ ಕರೆದಾಗೆಲ್ಲ ಬಂದಿದಾನೆ, ಇವತ್ತೂ ಬಂದಿದಾನೆ. ಬಾರದೆ ಇರೋದು ಕಂಪನಿ. ಇವನಿಗೆ ಕುಡಿಯೋಕೆ ನೀರು ಕೊಡಿ ಮೊದಲು." ಆಮೇಲೆ ಖಲಂದರ್ ಸಾಹೇಬರ ಕಡೆ ತಿರುಗಿ, "ನನ್ನ ಪೆಟ್ಟಿಗೆ ತರಲಾ ಸಾಹೇಬರೇ?" ಅಂದಳು. ಅಷ್ಟೇ ಅಂದದ್ದು. ಅವತ್ತು ನೀವು ನಕ್ಕಿರಿ, ಕೈ ಎತ್ತಿದಿರಿ, ಅಂಥದೊಂದೂ ಇಲ್ಲ.

ಸಾಹೇಬರು ಅಧ್ಯಕ್ಷರ ಮುಖ ನೋಡಿದರು. ಮೃತ್ಯುಂಜಯಪ್ಪ ಇಂಥ ಹೊತ್ತಿನಲ್ಲೂ ತಮ್ಮ ಗತ್ತು ಬಿಡುವವರಲ್ಲ. "ನಡುವೆ ನಿಂತು ಹೋದರೆ ಯಾರನ್ನ ಕೇಳೋದು ನೀಲಾಂಬಿಕೆಯವರೇ?"

"ನನ್ನ ಕೇಳಿ. ಬಸ್ ಸ್ಟ್ಯಾಂಡ್ ಹಿಂದೆ ಮನೆ. ನಾನಿಲ್ಲದಿದ್ರೆ ಇವರನ್ನ ಕೇಳಿ."

ಅವಳು ಕೈ ತೋರಿಸಿದ ಕಡೆ ನಾವೆಲ್ಲ ತಿರುಗಿದೆವು. ಭಾವ ಗಿಳಿ ಬಸ್ಸನ್ನು ಬೀದಿಯ ಬಾಯಿಗೆ ತಂದು ನಿಲ್ಲಿಸಿದ್ದರು. ಅದರಿಂದ ಒಬ್ಬೊಬ್ಬರಾಗಿ ಹೆಂಗಸರು ಇಳಿಯುತ್ತಿದ್ದರು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಪೆಟ್ಟಿಗೆ. ಎಲ್ಲರಿಗಿಂತ ಮುಂದೆ ನಮ್ಮ ಶಾಂಭವಿ. ನೀರಿನ ಕೊಡ ಇಟ್ಟುಕೊಂಡ ಹಾಗೆ ಪೆಟ್ಟಿಗೆಯನ್ನು ಸೊಂಟಕ್ಕೆ ಆನಿಸಿಕೊಂಡು, "ಜರುಗಿ, ಜರುಗಿ" ಅನ್ನುತ್ತಾ ಬಂದಳು. ನನ್ನ ಹತ್ತಿರ ಬಂದವಳು, "ಬಾಯಿ ಮುಚ್ಕೊಳ್ಳಿ, ನೊಣ ಹೋಗುತ್ತೆ. ಮೇಜು ಖಾಲಿ ಮಾಡಿ," ಅಂದಳು.

ಮೊದಲು ಜವಳಿ ಅಂಗಡಿ ಅಂತ ಅಕ್ಕ ಹೇಳಿದಳು. ಅಲ್ಲಿ ಶಬಾನಾ ಕೂತಳು. ಸೀರೆಗಳ ಚೀಟಿಯ ಮೇಲೆ ಅಂಕಿ ಹಾರಿ ಹೋಗಿದ್ದರೂ ಸ್ಕ್ಯಾನರು ಓದುವ ಕಪ್ಪು ಗೆರೆಗಳು ಹಾಗೇ ಇದ್ದವು. ಖಲಂದರ್ ಸಾಹೇಬರು ಸೀರೆಯ ಸೆರಗು ಮುಟ್ಟಿ ಮುಟ್ಟಿ ಬೆಲೆ ಕೂಗುವುದು, ವಲೇರಿಯನ್ ಅದನ್ನು ಎತ್ತಿ ಗೆರೆ ತೋರಿಸುವುದು, ಸೊಸೆ ಅಕ್ಷರದಲ್ಲಿ ಟೈಪು ಮಾಡುವುದು. ಹೌದು, ವಲೇರಿಯನ್ ಕಂಪನಿಯ ಅಂಗಿ ಕಳಚಿ ವ್ಯಾನಿನಲ್ಲಿಟ್ಟು ಬನಿಯನ್ನಿನಲ್ಲೇ ಬಂದಿದ್ದ. "ಕಂಪನಿ ಪೆಟ್ಟಿಗೆ ಬಿಚ್ಚು ಅಂದ್ರೆ ಆಗಲ್ಲ ಅಕ್ಕಾ, ಅವರಿಗೆ ಮಾತು ಕೊಟ್ಟಿದೀನಿ. ಸೀರೆ ಎತ್ತಬೇಡ ಅಂತ ಕಂಪನಿ ಎಲ್ಲೂ ಹೇಳಿಲ್ಲ," ಅಂದ. ಅಕ್ಕನೂ ಬಿಚ್ಚು ಅಂತ ಕೇಳಲಿಲ್ಲ.

ತಿಪ್ಪಕ್ಕನ ಸೀರೆಗೆ ಮೊದಲ ಬಿಲ್ಲು. ಪ್ರಿಂಟರು ಕಿರ್ ಅಂತು, ಕಾಗದ ಹೊರಗೆ ಬಂತು. ನೋಡಿದರೆ ಒತ್ತಕ್ಷರಗಳೆಲ್ಲ ಜಾರಿ ಪಕ್ಕಕ್ಕೆ ಬಿದ್ದು, ಯಾರೂ ಓದಲಾರದ ಗೋಜಲು. ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಮೃತ್ಯುಂಜಯಪ್ಪ ಕಣ್ಣು ಮುಚ್ಚಿಕೊಂಡರು. ನಾನು ಅಕ್ಕನ ಕಡೆ ನೋಡಿದೆ. ಅವಳು ಎದ್ದು ಬಂದು ಸರಿಮಾಡುತ್ತಾಳೆ ಅಂದುಕೊಂಡೆ. ಅವಳು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಅಲುಗಲಿಲ್ಲ.

"ಅಕ್ಕಾ, ಇದು ಗುರುಪಾದಣ್ಣನ ಗೋದಾಮಿನ ಪ್ರಿಂಟರಿನ ಹಾಗೇ ಹಟ ಮಾಡ್ತಿದೆ," ಅಂದಳು ಶಬಾನಾ, ಪರದೆಯಿಂದ ಕಣ್ಣು ತೆಗೆಯದೆ.

"ಅದಕ್ಕೇನು ಮಾಡಿದ್ವಿ?"

"ಅಕ್ಷರದ ಜೋಡಣೆ ಬದಲಾಯಿಸಿದ್ವಿ."

"ಮತ್ತೆ ನನ್ನ ಯಾಕೆ ನೋಡ್ತೀಯ?"

ಶಬಾನಾ ಪೆಟ್ಟಿಗೆಯ ಒಳಗೆ ಇಳಿದಳು. ಹಾಗೇ ಅನ್ನಬೇಕು, ಬೇರೆ ಮಾತು ನನಗೆ ಗೊತ್ತಿಲ್ಲ. ಪರದೆಯ ಮೇಲೆ ಸಾಲು ಸಾಲು ಬರಹ ಓಡಿತು, ಅವಳ ಬೆರಳು ಓಡಿತು, ಒಂದು ಕಡೆ ನಿಂತು, ತುಟಿ ಕಚ್ಚಿ, ಏನೋ ಅಳಿಸಿ ಏನೋ ಬರೆದಳು. ಖಲಂದರ್ ಸಾಹೇಬರು ಸೀರೆಯ ಸೆರಗು ಹಿಡಿದುಕೊಂಡೇ ಸೊಸೆಯನ್ನು ನೋಡುತ್ತಿದ್ದರು. ಮನೆಯಲ್ಲಿ ಚಹಾ ತಂದಿಟ್ಟು ಒಳಗೆ ಹೋಗುವ ಹುಡುಗಿ ಇವಳೇನಾ ಅನ್ನುವ ಹಾಗೆ. ಪ್ರಿಂಟರು ಮತ್ತೆ ಕಿರ್ ಅಂತು. ಸಾಹೇಬರು ಕಾಗದ ಹರಿದು, ಕನ್ನಡಕ ಏರಿಸಿ, ಇಡೀ ಬೀದಿಗೆ ಕೇಳುವ ಹಾಗೆ ಓದಿದರು. "ಧಾರೆ ಸೀರೆ ಒಂದು. ಮೂರು ಸಾವಿರದ ನಾನೂರ ಐವತ್ತು ರೂಪಾಯಿ. ಶುಭವಾಗಲಿ." ಕೊನೆಯ ಮಾತು ಕೂಡ ಬಿಲ್ಲಿನಲ್ಲೇ ಇತ್ತು, ಶಬಾನಾಳೇ ಸೇರಿಸಿದ್ದಳು. ತಿಪ್ಪಕ್ಕ ಎದ್ದು, ಬಿಲ್ಲನ್ನು ಕಣ್ಣಿಗೊತ್ತಿಕೊಂಡು, ಶಬಾನಾಳ ಕೆನ್ನೆ ಸವರಿ ನೆಟಿಗೆ ಮುರಿದಳು.

ಆಮೇಲೆ ಪೇಟೆ ನಡೆಯಿತು. ಬಳೆ ಅಂಗಡಿ, ಬೇಕರಿ, ನನ್ನ ದಿನಸಿ ಅಂಗಡಿ. ನನ್ನ ಗಲ್ಲಾದಲ್ಲಿ ಶಾಂಭವಿ ಕೂತಳು, ನಾನು ಬೆಲ್ಲ ತೂಗಿದೆ. ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತಿಗೆ, ಬೀದಿ ತುಂಬ ಜನ, ಕೈಕೈಯಲ್ಲಿ ಗಂಟು, ಮೈಯೆಲ್ಲ ಜುಮ್ಮೆಂದಿತು. ಆ ತಣ್ಣನೆಯ ಸುಳಿ ನಮಗೆಲ್ಲ ಗೊತ್ತು. ಗಾಳಿ ತಿರುಗಿ ಬೀಸುತ್ತಿತ್ತು. ನಿನ್ನೆಯ ಮೇಲೆ ಇವತ್ತು, ಯಾರೂ ಕಂಡು ಕೇಳಿರಲಿಲ್ಲ. ಇಡೀ ಪೇಟೆ ನಿಂತಲ್ಲೇ ನಿಂತಿತು. ಎದುರಿನ ಗೋಡೆಗೆ ಬೆಳಿಗ್ಗೆಯಷ್ಟೇ ಹೊಸದಾಗಿ ಬರೆಸಿದ್ದ ಫೋನ್ ನಂಬರು ಬಣ್ಣ ಹಸಿಯಿರುವಾಗಲೇ ಹಾರಿ ಹೋಯಿತು. ನಾನು ಪರದೆ ನೋಡಿದೆ. 'ಬೆಲ್ಲ, ಎರಡು ಕಿಲೋ, ನೂರ ಹತ್ತು ರೂಪಾಯಿ.' ಅಕ್ಷರ ಅಲುಗಿರಲಿಲ್ಲ. ಬೀದಿಯಲ್ಲಿ ಜನ ಒಬ್ಬರಾದ ಮೇಲೆ ಒಬ್ಬರು ತಮ್ಮ ತಮ್ಮ ಬಿಲ್ಲು ಬಿಡಿಸಿ ನೋಡಿಕೊಂಡು, ಪಕ್ಕದವರಿಗೆ ತೋರಿಸಿ, ಗಟ್ಟಿಯಾಗಿ ಓದತೊಡಗಿದರು. ಒಬ್ಬ ಓದಿದ್ದಕ್ಕೆ ಇನ್ನೊಬ್ಬ ದನಿಗೂಡಿಸಿ, ಸೀರೆ ಪಂಚೆ ಬಳೆ ಬೆಲ್ಲ ಎಲ್ಲದರ ಬೆಲೆಯೂ ಮಂತ್ರ ಹೇಳಿದ ಹಾಗೆ ಬೀದಿಯ ಈ ತುದಿಯಿಂದ ಆ ತುದಿಗೆ ಹಬ್ಬಿತು. ಅಕ್ಕ ಜವಳಿ ಅಂಗಡಿಯ ಜಗುಲಿಯ ಮೇಲೆ ಕಂಬಕ್ಕೊರಗಿ ಕೇಳುತ್ತಿದ್ದಳು. ಅವಳ ಕಣ್ಣು ತುಂಬಿತ್ತು. ನಾನು ಅವಳ ತಮ್ಮ ಅಂತ ಆ ಹೊತ್ತಿನಲ್ಲಿ ಯಾರಾದರೂ ಕೂಗಿ ಹೇಳಬಾರದೇ ಅನ್ನಿಸಿತು. ಯಾರೂ ಹೇಳಲಿಲ್ಲ. ನಾನೇ ಪಕ್ಕದಲ್ಲಿದ್ದ ಗಿರಾಕಿಗೆ ಹೇಳಿದೆ.

ಮದುವೆಗಳೆಲ್ಲ ಮುಗಿದ ಮೇಲೆ ಸಂಘದ ಸಭೆ ಸೇರಿತು. ಎಲ್ಲರೂ ಬಯಲಿಗೆ ಬಂದುಬಿಟ್ಟರು ಅಂತ ಹೇಳಿದರೆ ಸುಳ್ಳಾಗುತ್ತದೆ. ಮೃತ್ಯುಂಜಯಪ್ಪ ಕಂಪನಿಯ ಹೊಸ ಪೆಟ್ಟಿಗೆಯನ್ನೇ ತರಿಸಿದರು. "ನನಗೆ ಅದೇ ರೂಢಿ, ಈ ವಯಸ್ಸಿಗೆ ಹೊಸ ಪಾಠ ಬೇಡ," ಅಂದರು. ಅವರ ಹಿಂದೆ ಇನ್ನೂ ಕೆಲವರು ಹೋದರು. ವಲೇರಿಯನ್ ಅವರಿಗಾಗಿ ಈಗಲೂ ಬೂದು ವ್ಯಾನಿನಲ್ಲಿ ಬರುತ್ತಾನೆ, ಕೆಲಸ ಮುಗಿಸಿ ಅಕ್ಕನ ಚಪ್ಪರದಲ್ಲಿ ಚಹಾ ಕುಡಿದು ಹೋಗುತ್ತಾನೆ. ಆದರೆ ಖಲಂದರ್ ಸಾಹೇಬರು ಸಭೆಯಲ್ಲಿ ಎದ್ದು ನಿಂತು, ತಮ್ಮ ಅಂಗಡಿಗೆ ಬಯಲು ಪೆಟ್ಟಿಗೆಯೇ ಸೈ, ಆದರೆ ನೀಲಕ್ಕ ಮತ್ತು ಅವರ ಜೊತೆಯ ಹೆಣ್ಣುಮಕ್ಕಳು ಸಂಬಳ ತಗೊಳ್ಳಲೇಬೇಕು ಅಂತ ಹಟ ಹಿಡಿದರು. "ದುಡ್ಡು ಕೊಟ್ಟರೆ ತಾನೇ ತಾಯಿ ನನಗೆ ಬಯ್ಯೋ ಹಕ್ಕು ಬರೋದು! ಸೊಸೆಗೂ ಕೊಡ್ತೀನಿ. ಅವಳನ್ನ ಬಯ್ಯೋ ಧೈರ್ಯ ಮಾತ್ರ ನನಗಿಲ್ಲ." ಅಕ್ಕ ಒಪ್ಪಿದಳು. ಪೆಟ್ಟಿಗೆ ಬಿಟ್ಟಿ, ಬರುವವರು ಬಿಟ್ಟಿ ಅಲ್ಲ ಅಂತಾಯಿತು. ಪೇಟೆಯ ಅರ್ಧಕ್ಕಿಂತ ಹೆಚ್ಚು ಅಂಗಡಿಗಳ ಪೆಟ್ಟಿಗೆಗಳು ಈಗ ಅವರ ಕೈಯಲ್ಲಿವೆ. ಒಂದು ದಿನವೂ ಅವರು ತಡವಾಗಿ ಬಂದದ್ದಿಲ್ಲ.

ಕಳೆದ ವಾರ ನದಿಯ ಆಚೆಯ ಊರಿನ ವರ್ತಕರು ಒಂದು ಟೆಂಪೊ ಮಾಡಿಕೊಂಡು ಬಂದಿದ್ದರು. ಅವರ ಊರಿನಲ್ಲಿ ಬೇರೆಯೇ ತಾಪತ್ರಯವಂತೆ, ಹುಣ್ಣಿಮೆಗೆ ಅಕ್ಷರಗಳು ನೀರಾಗುತ್ತವೆಯಂತೆ, ಅಂಕಿ ಮಾತ್ರ ಉಳಿಯುತ್ತವಂತೆ. ಕಂಪನಿಯ ಪೆಟ್ಟಿಗೆಗೆ ಅದು ತಿಳಿಯುವುದಿಲ್ಲ, ನಿಮ್ಮದನ್ನು ನಮಗೆ ಹೊಂದಿಸಿ ಕೊಡುತ್ತೀರಾ ಅಂತ ಕೇಳಿದರು. ಅಕ್ಕ ಹೋಗುತ್ತಾಳೆ ಅಂತ ನಾನು ಅಂದುಕೊಂಡೆ. ಅಕ್ಕ ಪೇಟೆಯಲ್ಲೇ ಉಳಿದಳು. "ಶಾಂಭವಿ ಹೋಗ್ತಾಳೆ. ಅಲ್ಲಿನ ಹೆಣ್ಣುಮಕ್ಕಳಿಗೆ ಕಲಿಸಿ ಬರ್ತಾಳೆ, ಒಂದೆರಡು ತಿಂಗಳು ಆಗಬಹುದು," ಅಂದಳು.

ಮದುವೆಯಾಗಿ ಬಂದಾಗಿನಿಂದ ತವರು ಬಿಟ್ಟು ಬೇರೆಲ್ಲೂ ರಾತ್ರಿ ಉಳಿಯದವಳು ಶಾಂಭವಿ. ಮರುದಿನ ಬೆಳಿಗ್ಗೆ ನಾನೇ ಬುತ್ತಿ ಕಟ್ಟಿದೆ. ಉಪ್ಪು ಹೆಚ್ಚಾಗಿರಬೇಕು, ರುಚಿ ನೋಡಿ ಅವಳು ಒಂದು ಚೊಂಬು ನೀರು ಕುಡಿದಳು. ಟೆಂಪೊದ ಮುಂದಿನ ಸೀಟು ಅವಳಿಗೆ ಅಂತ ಆ ಊರಿನ ವರ್ತಕರು ಖಾಲಿ ಬಿಟ್ಟು, ತಾವು ಹಿಂದೆ ಒತ್ತಿಕೊಂಡು ಕೂತಿದ್ದರು. ಅವಳು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟು, ಸೆರಗು ಸುತ್ತಿ ಕೂತಳು. "ಅಕ್ಕಿ ಡಬ್ಬದ ಹಿಂದೆ ಚಕ್ಕುಲಿ ಇದೆ," ಅಂದಳು. "ನನ್ನ ಬಗ್ಗೆ ಯೋಚನೆ ಮಾಡಬೇಡ," ಅಂದೆ. "ಮಾಡ್ತಿಲ್ಲ," ಅಂದು ನಕ್ಕಳು. ಅಷ್ಟರಲ್ಲಿ ಹಿಂದಿನಿಂದ ಒಬ್ಬರು ಮುದುಕರು, ಅವರೇ ಆ ಊರಿನ ಸಂಘದ ಅಧ್ಯಕ್ಷರಂತೆ, ತಲೆ ಮುಂದೆ ಚಾಚಿ ವಿನಯವಾಗಿ ಕೇಳಿದರು, "ಹೊರಡೋಣವೇ ಮೇಡಂ?"

ಮೇಡಂ ನನ್ನ ಕಡೆಗೊಮ್ಮೆ ನೋಡಿ, ಹೊರಡಿ ಅಂದಳು.